ಮೀಟರಮ್ಮನ ಅಡುಗೆಮನೆ

ಅವಳಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಮೀಟರು ನೆನಪಿರುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಒಂದು ಕ್ಷಣ ತಡಬಡಾಯಿಸಿ, "ಓ, ಮೆಟ್ಟಿಲ ಕೆಳಗಿನ ಮೀಟರು, ಗಾಜು ಬಿರುಕು ಬಿಟ್ಟಿದೆ, ನೀವೇ ಅಲ್ವಾ?" ಎನ್ನುತ್ತಿದ್ದಳು. ಹದಿನೆಂಟು ಬೀದಿಗಳ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿ ಬಿಲ್ ಹರಿದು ಕೊಡುವುದು ಅವಳ ಕೆಲಸ. ಆ ಬೀದಿಗಳಿಗೆಲ್ಲ ಅವಳು ಮೀಟರಮ್ಮ.

ಕೆಲಸಕ್ಕೆ ಸೇರಿದಾಗ ಆ ವಿಭಾಗದಲ್ಲಿ ಹೆಂಗಸರೇ ಇರಲಿಲ್ಲ. "ನಾಯಿ ಇರುತ್ತೆ, ಕತ್ತಲೆ ಮೆಟ್ಟಿಲಿರುತ್ತೆ. ಮೂರು ತಿಂಗಳು ನೋಡೋಣ" ಎಂದಿದ್ದರು ಮೇಲ್ವಿಚಾರಕರು. ನಾಯಿ ಒಮ್ಮೆ ಕಚ್ಚಿಯೂ ಕಚ್ಚಿತು. ಇಂಜೆಕ್ಷನ್ ಹಾಕಿಸಿಕೊಂಡು ಮಾರನೆಯ ದಿನ ಅದೇ ಮನೆಗೆ ಹೋಗಿ, ಅದೇ ನಾಯಿಯ ಎದುರು ನಿಂತು ಮೀಟರ್ ಓದಿ ಬಂದಳು. ಅದಾಗಿ ಏಳು ವರ್ಷ. ಈಗ ಹೊಸದಾಗಿ ಬಂದ ಗಂಡಸರನ್ನು ಮೇಲ್ವಿಚಾರಕರು ಮೊದಲ ವಾರ ಅವಳ ಹಿಂದೆಯೇ ಕಳಿಸುತ್ತಾರೆ.

ಮೀಟರ್ ಓದುವವರಿಗೆ ಮನೆಯ ಒಳಗುಟ್ಟು ಹೊರಗಿನಿಂದಲೇ ತಿಳಿಯುತ್ತದೆ. ಯಾರ ಮನೆಗೆ ಎಳೆ ಮಗು ಬಂದಿದೆ, ಯಾರು ಊರಲ್ಲಿಲ್ಲ, ಯಾರ ಫ್ರಿಜ್ಜಿನ ಬಾಗಿಲ ರಬ್ಬರು ಹರಿದಿದೆ, ಎಲ್ಲ ಅಂಕಿಯಲ್ಲೇ ಇರುತ್ತದೆ. "ಫ್ರಿಜ್ಜು ನೋಡ್ಸಿ" ಎಂದು ಅವಳು ಬಿಲ್ ಹರಿಯುತ್ತಲೇ ಹೇಳಿದರೆ ಜನ ಕಣಿ ಕೇಳಿದವರ ಹಾಗೆ ಬೆರಗಾಗುತ್ತಿದ್ದರು.

ಆದರೆ ದೀಪದ ಬುಡ ಕತ್ತಲೆ. ತಾನಿರುವ ಬೀದಿಯ ಮೀಟರನ್ನು ತಾನೇ ಓದುವ ಹಾಗಿಲ್ಲ ಎಂಬುದು ಕಚೇರಿಯ ನಿಯಮ. ಅವಳ ಮನೆಗೆ ಬರುತ್ತಿದ್ದವನು ಪಕ್ಕದ ವಾರ್ಡಿನ ರೀಡರ್. ಒಂದು ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವನು ಬಾಯಿಬಿಟ್ಟ.

"ಮೀಟರಮ್ಮ, ನಿಮ್ಮನೆ ಮೀಟರು ಓಡ್ತಾ ಇಲ್ಲ, ಹಾರ್ತಾ ಇದೆ. ಒಳಗೇನು ಗಿರಣಿ ಇಟ್ಟಿದೀರಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವಳೂ ನಕ್ಕಳು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಒತ್ತುತ್ತಿತ್ತು.

ಭಾನುವಾರ ಬೆಳಿಗ್ಗೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಒಳಗಿದ್ದ ಗಂಡನಿಗೆ ಒಂದೊಂದಾಗಿ ಕೂಗಿ ಹೇಳಿದಳು. "ಏನ್ರೀ, ಹಜಾರದ ಫ್ಯಾನ್ ಹಾಕಿ! ಸರಿ, ಆರ್ಸಿ. ಈಗ ರೂಮಿನ ಲೈಟು!" ಮೀಟರಿನ ಕೆಂಪು ಬೆಳಕು ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆಂದು ಎಣಿಸಿ ಬರೆದುಕೊಂಡಳು. ಗಂಡ ದರ್ಜಿ. ಅಳತೆ ತಪ್ಪಿದರೆ ಬಟ್ಟೆಯೇ ಹಾಳು ಎಂದು ಬಲ್ಲವನು, ಆದ್ದರಿಂದ ಗೊಣಗದೆ ಓಡಾಡಿದ. ಕೊನೆಗೆ ಅಡುಗೆಮನೆಯ ಸರದಿ ಬಂತು. ಕೆಂಪು ಬೆಳಕು ಜ್ವರ ಬಂದವರ ನಾಡಿಯ ಹಾಗೆ ಹೊಡೆದುಕೊಳ್ಳತೊಡಗಿತು.

ಮನೆಯ ಅರ್ಧಕ್ಕಿಂತ ಹೆಚ್ಚು ಕರೆಂಟನ್ನು ಆ ಒಂದು ಕೋಣೆ ನುಂಗುತ್ತಿತ್ತು. ಸೂರ್ಯ ನೆತ್ತಿಗೆ ಬಂದಾಗಲೂ ಉರಿಯಲೇಬೇಕಾದ ಎರಡು ಟ್ಯೂಬ್‌ಲೈಟು. ಒಲೆ ಹಚ್ಚಿದಾಗಿನಿಂದ ಆರಿಸುವ ತನಕ ಗೊರಗುಟ್ಟುವ ಎಕ್ಸಾಸ್ಟ್ ಫ್ಯಾನು. ಒಲೆಯ ಮಗ್ಗುಲಲ್ಲೇ ಗೋಡೆಗೆ ಬೆನ್ನು ಒತ್ತಿ ಬೆವರುತ್ತ ನಿಂತ ಫ್ರಿಜ್ಜು. ಅವಳು ಲೈಟು ಆರಿಸಿ ಬಾಗಿಲು ಮುಚ್ಚಿ ಒಳಗೆ ನಿಂತಳು. ಬೆಳಗಿನ ಹತ್ತು ಗಂಟೆಗೆ ತನ್ನ ಕೈ ತನಗೇ ಕಾಣಲಿಲ್ಲ.

ಒಂಬತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಪೂರ್ವದ ಗೋಡೆಯಲ್ಲಿ ಮೂರಡಿ ಅಗಲದ ಕಿಟಕಿಯಿತ್ತು. ಬೆಳಗಿನ ಬಿಸಿಲು ಸೀದಾ ಪಾತ್ರೆಗಳ ಮೇಲೆ ಬೀಳುತ್ತಿತ್ತು. ಕಿಟಕಿಯ ಆಚೆಗೆ ಚಿಕ್ಕಮಾವನ ಜಾಗ. ಒಂದೇ ನಿವೇಶನವನ್ನು ಅಣ್ಣತಮ್ಮ ಇಬ್ಬರೂ ಎರಡು ಮಾಡಿಕೊಂಡಿದ್ದರು. ಅಣ್ಣ, ಅಂದರೆ ಅವಳ ಮಾವ, ಗಾರೆ ಮೇಸ್ತ್ರಿ. ತಮ್ಮ ಸಸಿ ಬೆಳೆಸಿ ಮಾರುವವನು, ಮದುವೆಯಾಗದೆ ಗಿಡಗಳ ಜೊತೆಗೇ ಸಂಸಾರ ಹೂಡಿದವನು. ಅಡುಗೆಮನೆಯ ಹೊಗೆ ಕಿಟಕಿಯಿಂದ ಆಚೆ ಹೋಗಿ ಸಸಿಗಳ ಎಲೆಯ ಮೇಲೆ ಕೂರುತ್ತಿತ್ತು, ಪಾತ್ರೆ ತೊಳೆಯುವ ಬಚ್ಚಲಿನ ಸೋಪಿನ ನೀರು ಅವನ ಪಾತಿಗೆ ನುಗ್ಗುತ್ತಿತ್ತು. ಒಂದು ದಿನ ಆ ನೀರಿಗೆ ಇನ್ನೂರು ಸಸಿ ಒಟ್ಟಿಗೆ ಸುಟ್ಟುಹೋದವು. ತಮ್ಮ ಬಂದು, "ಅಣ್ಣ, ನಿನ್ನ ಹೊಗೆ, ನಿನ್ನ ಕೊಳಕು ನೀರು ಎರಡೂ ನಿನ್ನ ಮನೇಲೇ ಇಟ್ಕೋ" ಎಂದ. ಮಾವ ಬಚ್ಚಲ ನೀರನ್ನು ಬೀದಿಯ ಚರಂಡಿಗೆ ತಿರುಗಿಸಿದರು. ಅಂದು ಮಧ್ಯಾಹ್ನವೇ ಕಿಟಕಿಯ ಚೌಕಟ್ಟು ಕಿತ್ತು ಅಟ್ಟಕ್ಕೆ ಹಾಕಿ, ಸಂಜೆಯೊಳಗೆ ಇಟ್ಟಿಗೆ ಕಟ್ಟಿ, ಎರಡೂ ಕಡೆ ಸಿಮೆಂಟಿನ ಗಿಲಾವು ಮಾಡಿ ಮುಗಿಸಿದರು. ಗೋಡೆ ಎಷ್ಟು ನುಣುಪಾಗಿತ್ತೆಂದರೆ ಅಲ್ಲೊಂದು ಕಿಟಕಿ ಇತ್ತೆಂದು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕವಂತೆ. ಅಣ್ಣತಮ್ಮಂದಿರ ಜಗಳಕ್ಕೆ ಅಂಥ ಗಡುವಿಲ್ಲ. ಆಗ ಅವಳು ಇನ್ನೂ ಹೊಸ ಸೊಸೆ. ಅತ್ತೆ ಬದುಕಿದ್ದರು, ಅವರೇ ಅತ್ತು ಸುಮ್ಮನಾದ ಮೇಲೆ ಇವಳದೇನು?

ಅಡುಗೆಮನೆ ಬದಲಾಯಿಸಬೇಕು ಎಂದು ಅವಳು ಹೇಳಿದಾಗ ಗಂಡ ತನ್ನ ಅಂಗಡಿಗೆ ಬರುವ ಗಿರಾಕಿಯೊಬ್ಬನನ್ನು ಕರೆತಂದ. ಅವನು ರೆಡಿಮೇಡ್ ಅಡುಗೆಮನೆ ಕೂರಿಸುವ ಕಂಪನಿಯ ಏಜೆಂಟು. ಊಟದ ಮೇಜಿನ ಮೇಲೆ ಹೊಳೆಯುವ ಚಿತ್ರಗಳ ಪುಸ್ತಕ ಬಿಡಿಸಿಟ್ಟ.

"ಇದು ನಮ್ಮ ಪರಿಸರಸ್ನೇಹಿ ಮಾಡೆಲ್ಲು ಮೇಡಂ. ಹಳೇದೆಲ್ಲ ಒಡೆದು ಎಸೀತೀವಿ. ನಾಲ್ಕೇ ದಿನ."

"ಆ ಕಲ್ಲಿನ ಕಟ್ಟೆ?"

"ಎಸೀತೀವಿ."

"ಮರದ ಕಪಾಟು? ನಮ್ಮತ್ತೆ ಕಾಲದ್ದು, ಒಂದು ಹುಳ ಹತ್ತಿಲ್ಲ."

"ಎಸೆದುಬಿಡೋಣ ಮೇಡಂ, ಹೊಸದು ಬರುತ್ತಲ್ಲ!"

"ಎಲ್ಲಿಗೆ ಎಸೀತೀರಾ?"

ಏಜೆಂಟನಿಗೆ ಇದುವರೆಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಅದು... ಲಾರಿಯವರು ತಗೊಂಡು ಹೋಗ್ತಾರೆ."

"ಸರಿ. ಹಗಲು ಹೊತ್ತು ಲೈಟು ಹಾಕದೆ ಅಡುಗೆ ಮಾಡ್ಬಹುದಾ?"

"ಕಪಾಟಿನ ಒಳಗೂ ಲೈಟಿದೆ ಮೇಡಂ, ಬಾಗಿಲು ತೆಗೆದ್ರೆ ತಾನಾಗೇ ಹತ್ತುತ್ತೆ."

"ಮತ್ತೆ ಪರಿಸರಕ್ಕೆ ಸ್ನೇಹಿ ಆಗಿದ್ದು ಯಾವುದು?"

ಅವನು ಚಿತ್ರವನ್ನು ಅವಳ ಕಡೆ ತಿರುಗಿಸಿದ. ಬಾಗಿಲುಗಳಿಗೆಲ್ಲ ಎಳೆ ಹಸಿರು ಬಣ್ಣ, ಮೂಲೆಯಲ್ಲೊಂದು ಎಲೆಯ ಗುರುತು.

"ಗೋಸುಂಬೆ ಹಸಿರಾದ್ರೆ ಗಿಡ ಆಗುತ್ತೇನಪ್ಪಾ?" ಎಂದಳು. ಅವನಿಗೂ ನಗು ತಡೆಯಲಾಗಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಅವಳ ಮನಸ್ಸಿನಲ್ಲಿ ಯೋಜನೆ ಆಗಲೇ ಸಿದ್ಧವಾಗಿತ್ತು. ಒಂದೇ ಒಂದು ವಸ್ತುವನ್ನೂ ಎಸೆಯಬಾರದು. ಕಿಟಕಿ ತೆರೆದರೆ ಬೆಳಕು, ಗಾಳಿ ಎರಡೂ ಪುಕ್ಕಟೆ. ಒಲೆ ಪಶ್ಚಿಮದ ಗೋಡೆಗೆ ಹೋಗಲಿ, ಹೊಗೆ ತಗಡಿನ ಕೊಳವೆಯಲ್ಲಿ ಮೇಲೇರಿ ಮಾಳಿಗೆ ದಾಟಲಿ. ಸಿಂಕು ಕಿಟಕಿಯ ಕೆಳಗೆ ಬರಲಿ. ಫ್ರಿಜ್ಜು ತಂಪು ಮೂಲೆಗೆ, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಬಿಟ್ಟು. ಇಷ್ಟಕ್ಕೆ ಎರಡು ಒಪ್ಪಿಗೆ ಬೇಕಿತ್ತು. ಎರಡೂ ಸುಲಭದ್ದಲ್ಲ. ಮೊದಲು ತಮ್ಮನನ್ನು ಒಪ್ಪಿಸುವುದೇ ಸರಿ ಎನ್ನಿಸಿತು. ಮಾವನಿಗೆ ಬಿಗುಮಾನ ಹೆಚ್ಚು. ಆಚೆಯಿಂದ ಇನ್ನೊಮ್ಮೆ "ಬೇಡ" ಎಂಬ ಮಾತು ಬಂದರೆ ಅವರು ಇನ್ನೊಂದು ಗೋಡೆ ಕಟ್ಟಿಯಾರು.

ಚಿಕ್ಕಮಾವ ಸಸಿಗಳಿಗೆ ನೀರು ಚಿಮುಕಿಸುತ್ತಿದ್ದರು. ಅವಳನ್ನು ಕಂಡು ಕೊಳಾಯಿ ನಿಲ್ಲಿಸಿದರು.

"ಏನಮ್ಮ, ನಮ್ಮ ಬೀದಿ ಮೀಟರು ನೀನು ಓದೋ ಹಾಗಿಲ್ಲ ಅಂದಿದ್ರಲ್ಲ?"

"ಮೀಟರು ಓದಕ್ಕಲ್ಲ ಚಿಕ್ಕಮಾವ. ಆ ಕಿಟಕಿ ತೆಗೀಬೇಕು ಅಂತಿದೀನಿ. ನಿಮ್ಮ ಕಡೆ ತೆರೆಯೋದು, ನಿಮ್ಮನ್ನ ಕೇಳ್ದೆ ಹೇಗೆ?"

ಅವರು ಗೋಡೆಯ ಕಡೆ ನೋಡಿದರು. ಅವರ ಕಡೆಯ ಗಿಲಾವಿನ ಮೇಲೆ ಪಾಚಿ ಹಬ್ಬಿತ್ತು.

"ಹೊಗೆ?"

"ಒಲೆ ಆ ಕಡೆ ಗೋಡೆಗೆ ಹೋಗುತ್ತೆ. ನಿಮ್ಮ ಎಲೆ ಮೇಲೆ ಒಂದು ಕಣ ಮಸಿ ಬಿದ್ರೂ ಬಂದು ಕೇಳಿ."

"ಸೋಪಿನ ನೀರು?"

"ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಮರಳು, ಜಲ್ಲಿ ತುಂಬಿದ ಗುಂಡಿ ಮಾಡಿ, ಅದರ ಮೇಲೆ ಗಿಡ ಹಾಕಿದ್ರೆ ನೀರು ಸೋಸಿ ಬರುತ್ತಂತೆ. ಯಾವ ಗಿಡ ಅಂತ ನಂಗೊತ್ತಿಲ್ಲ. ನಿಮಗೆ ಗೊತ್ತಿರುತ್ತೆ."

ಚಿಕ್ಕಮಾವನ ಮುಖದಲ್ಲಿ ಗಿಡದವನು ಎಚ್ಚೆತ್ತ. "ಕಾಬಾಳೆ ಹಾಕ್ಬೇಕು. ಎಂಥ ಕೊಳಕು ನೀರಾದ್ರೂ ಕುಡ್ಕೊಂಡು ಹೂ ಬಿಡುತ್ತೆ" ಎಂದವರೇ ತಡೆದು, "ಅಣ್ಣ ಒಪ್ಪಿದ್ನಾ?" ಎಂದು ಕೇಳಿದರು.

"ಇನ್ನೂ ಕೇಳಿಲ್ಲ. ಒಪ್ತಾರೆ."

"ಅಷ್ಟು ಧೈರ್ಯನಾ? ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ. ನೀನು ಗೋಡೆಗೇ ತೂತು ಮಾಡಕ್ಕೆ ಹೊರಟಿದೀಯ."

"ಮನೆ ಕೆಡಿಸಿದ್ದು ಮಾತೇ ಚಿಕ್ಕಮಾವ, ತೂತಲ್ಲ. ತೂತು ಮುಚ್ಚಿದ್ಮೇಲೂ ಮನೆ ಸರಿಹೋಗ್ಲಿಲ್ವಲ್ಲ."

ಅವರು ಮತ್ತೆ ಕೊಳಾಯಿ ತಿರುಗಿಸಿದರು. ಬೇಡ ಎನ್ನಲಿಲ್ಲ ಎಂಬುದನ್ನು ಗಟ್ಟಿಮಾಡಿಕೊಂಡು ಅವಳು ಹೊರಟಳು.

ಮಾವನಿಗೆ ಅವಳು ಊಟಕ್ಕೆ ಬಡಿಸುತ್ತ ಹೇಳಿದಳು, ಸುತ್ತಿಬಳಸದೆ. "ಮಾವ, ಕಿಟಕಿ ತೆಗೆಸ್ತೀನಿ. ಚಿಕ್ಕಮಾವ ಬೇಡ ಅನ್ಲಿಲ್ಲ."

ಮಾವ ಕೈ ತೊಳೆದುಕೊಂಡರು. "ನಾನು ಕಟ್ಟಿದ ಗೋಡೆ ನಾನು ಒಡೆಯಲ್ಲ."

"ನೀವು ಒಡೀಬೇಡಿ. ಮೇಸ್ತ್ರಿ ಕರೆಸ್ತೀನಿ."

ಅವರು ಎದ್ದು ಹೋಗಿ ಹಜಾರದ ಕುರ್ಚಿಯಲ್ಲಿ ಕೂತು ಪೇಪರು ಮುಖಕ್ಕೆ ಹಿಡಿದರು. ತಡೆಯಲೂ ಇಲ್ಲ. ಸೊಸೆ ಹಿಡಿದ ಪಟ್ಟು ಬಿಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು, ನಾಯಿ ಕಚ್ಚಿದ ವರ್ಷದಿಂದಲೂ.

ಮುಂದಿನ ಶನಿವಾರ ಅವಳು ರಜೆ ಹಾಕಿ, ತನ್ನ ಬೀದಿಗಳಲ್ಲೊಂದರಿಂದ ಒಬ್ಬ ಮೇಸ್ತ್ರಿಯನ್ನು ಕರೆತಂದಳು. ಅವನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂದಾಜಿನ ಚೌಕ ಬರೆದ. ಹಜಾರದಲ್ಲಿ ಪೇಪರಿನ ಪುಟ ತಿರುಗಲಿಲ್ಲ. ಅವನು ಉಳಿ ಇಟ್ಟು ಸುತ್ತಿಗೆ ಬೀಸಿದ. ಒಂದು ಏಟು, ಎರಡು ಏಟು. ಮೂರನೆಯದಕ್ಕೆ ಹಜಾರದಿಂದ ದನಿ ಬಂತು.

"ಏಯ್! ಎಲ್ಲಿ ಹೊಡೀತಿದೀಯ?"

ಮೇಸ್ತ್ರಿ ನಿಂತ. ಮಾವ ಬಾಗಿಲಲ್ಲಿದ್ದರು. "ಸದ್ದಿನಲ್ಲೇ ಗೊತ್ತಾಗಲ್ವೇನಯ್ಯಾ? ಅದು ಕಿಟಕಿ ಮೇಲಿನ ತೊಲೆ. ಭಾರ ಎಲ್ಲ ಹೊತ್ತಿರೋದು ಅದೇ. ಅದನ್ನ ಒಡೆದ್ರೆ ಮಾಳಿಗೆ ತಲೆ ಮೇಲೆ ಬರುತ್ತೆ. ಒಂದು ಗೇಣು ಕೆಳಗೆ ಬಾ."

ಅವನು ಒಂದು ಗೇಣು ಕೆಳಗೆ ಬಂದ. ಮಾವನಿಗೆ ಅದೂ ಸರಿಬೀಳಲಿಲ್ಲ. "ಕೊಡು ಇಲ್ಲಿ" ಎಂದು ಉಳಿ ಕಸಿದುಕೊಂಡರು. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಮೊದಲ ಏಟೇ ಸರಿಯಾದ ಜಾಗಕ್ಕೆ ಬಿತ್ತು. ಮೀಟರಮ್ಮ ಮೇಸ್ತ್ರಿಗೆ ಕಣ್ಣಲ್ಲೇ ಸನ್ನೆ ಮಾಡಿ ಚಹಾ ಕುಡಿಯಲು ಕರೆದೊಯ್ದಳು. ಇವಳು ಬೇಕೆಂದೇ ಆ ಮೇಸ್ತ್ರಿಯ ಕೈಯಲ್ಲಿ ತಪ್ಪು ಜಾಗಕ್ಕೆ ಹೊಡೆಸಿದಳೆ ಎಂದು ಗಂಡ ಆಮೇಲೆ ಎಷ್ಟು ಕೇಳಿದರೂ ಅವಳು ಬರೀ ನಕ್ಕಳು.

ಗಿಲಾವಿನ ಚಕ್ಕೆ ಕಳಚಿ ಬಿತ್ತು. ಮಾವ ಮೊದಲ ಇಟ್ಟಿಗೆಯ ಸಂದಿಗೆ ಉಳಿ ಇಟ್ಟು ಮೆಲ್ಲಗೆ ತಟ್ಟಿದರು. ಇಟ್ಟಿಗೆ ಇಡಿಯಾಗಿ, ಒಂದು ಮೂಲೆಯೂ ಮುರಿಯದೆ ಕೈಗೆ ಬಂತು. ಎರಡನೆಯದೂ ಹಾಗೆಯೇ. ಸಂದಿಗಳಿಂದ ಕೆಂಪು ಪುಡಿ ಸುರಿಯಿತು. ಐದಾರು ಇಟ್ಟಿಗೆ ತೆಗೆಯುವಷ್ಟರಲ್ಲಿ ಬೆಳಕಿನ ಒಂದು ಪಟ್ಟಿ ಒಳಗೆ ಬಂದು ನೆಲದ ಮೇಲೆ ಬಿತ್ತು. ಆಚೆ ಕಡೆ ಯಾರದೋ ಅಂಗಿ. ಸದ್ದು ಕೇಳಿ ಚಿಕ್ಕಮಾವ ಬಂದು ನಿಂತಿದ್ದರು.

ಅವರು ಹುಡುಗರಾಗಿದ್ದಾಗ ಎಂಟು ವರ್ಷ ಅಣ್ಣನ ಕೈಕೆಳಗೆ ಗಾರೆ ಕಲೆಸಿದವರು. ತಮ್ಮ ಕಡೆ ಬಿದ್ದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಅಣ್ಣ, ಇದು ಮಣ್ಣು."

ಮಾವ ಕೆಲಸ ನಿಲ್ಲಿಸಲಿಲ್ಲ.

"ಗಿಲಾವು ಸಿಮೆಂಟಿಂದು, ಒಳಗೆ ಬರೀ ಮಣ್ಣಲ್ಲಿ ಕಟ್ಟಿದೀಯ?"

"ಅವತ್ತು ಸಿಮೆಂಟ್ ಮುಗಿದಿತ್ತು."

"ಮೂರು ಮೂಟೆ ನಿನ್ನ ಜಗಲಿ ಮೇಲೆ ಇದ್ವು. ನಾನೇ ಕಣ್ಣಾರೆ ನೋಡಿದೀನಿ."

"ಗಂಟು ಕಟ್ಟಿದ್ವು."

"ಗಂಟು ಕಟ್ಟಿದ ಸಿಮೆಂಟಲ್ಲಿ ಗಿಲಾವು ಇಷ್ಟು ನುಣುಪಾಗಿ ಬಂತಾ?"

ಮಾವ ಉಳಿ ಕೆಳಗಿಟ್ಟರು. ಒಂಬತ್ತು ವರ್ಷ ಆ ಗೋಡೆಯನ್ನು ನೋಡುತ್ತ ಬಂದ ಮನೆಯವರಲ್ಲಿ ಯಾರಿಗೂ ತಿಳಿಯದಿದ್ದ ಸಂಗತಿ ಇದು. ಕಟ್ಟುವ ದಿನವೇ ಅವರು ಅದನ್ನು ಬಿಚ್ಚಲು ಬರುವ ಹಾಗೆ ಕಟ್ಟಿದ್ದರು. ಯಾರಾದರೂ ಬಿಚ್ಚು ಎನ್ನಲಿ ಎಂದು ಕಾದಿದ್ದರು. ಯಾರೂ ಅನ್ನಲಿಲ್ಲ. ತಾವೇ ಅನ್ನುವುದು ಅವರಿಂದಾಗಲಿಲ್ಲ.

"ಇಟ್ಟಿಗೆ ಹಾಳಾಗ್ಬಾರ್ದು ಅಂತ" ಎಂದರು ಕೊನೆಗೆ.

ಚಿಕ್ಕಮಾವ ಆ ತೂತಿನೊಳಗೆ ಎರಡೂ ಕೈ ಚಾಚಿದರು. "ಕೊಡು. ಈ ಕಡೆ ಜೋಡಿಸ್ತೀನಿ."

ಅಂದು ಮಧ್ಯಾಹ್ನದ ತನಕ ಅಣ್ಣ ಇಟ್ಟಿಗೆ ತೆಗೆದು ಕೊಟ್ಟ, ತಮ್ಮ ಇಸಿದುಕೊಂಡು ಸಾಲಾಗಿ ಜೋಡಿಸಿದ. "ಹಿಡ್ಕೋ", "ಹ್ಞಾಂ", "ಹಿಡ್ಕೋ", "ಹ್ಞಾಂ". ಮೀಟರಮ್ಮ ಒಳಗೆ ನಿಂತು ನೋಡುತ್ತಿದ್ದಳು. ಕೈ ಚಾಚಿ ಟ್ಯೂಬ್‌ಲೈಟಿನ ಸ್ವಿಚ್ಚು ಆರಿಸಿದಳು. ಏನೂ ವ್ಯತ್ಯಾಸವಾಗಲಿಲ್ಲ. ಕೋಣೆ ತುಂಬ ಬೆಳಕಿತ್ತು.

ಆಮೇಲಿನ ಕೆಲಸ ಮೂರು ವಾರ ಹಿಡಿಯಿತು. ಅಟ್ಟದಿಂದ ಇಳಿಸಿದ ಚೌಕಟ್ಟನ್ನು ಉಜ್ಜಿ ಎಣ್ಣೆ ಹಚ್ಚಿದಾಗ ಹೊಸದರ ಹಾಗೆ ಕಂಡಿತು. ಕಲ್ಲಿನ ಕಟ್ಟೆ ಎಲ್ಲಿಗೂ ಹೋಗಲಿಲ್ಲ, ಎರಡು ತುಂಡಾಗಿ ಜಾಗ ಬದಲಿಸಿತು ಅಷ್ಟೆ. ಅತ್ತೆಯ ಕಪಾಟಿಗೆ ಗಂಡ ತನ್ನ ಅಂಗಡಿಯಲ್ಲಿ ಕತ್ತರಿಸಿ ಉಳಿದ ದಪ್ಪ ಬಟ್ಟೆಯಲ್ಲಿ ಪರದೆ ಹೊಲಿದುಕೊಟ್ಟ. ಗೋಡೆಗೆಲ್ಲ ಬಿಳಿ ಸುಣ್ಣ. ಕಿಟಕಿಯಿಂದ ಬಂದ ಇಟ್ಟಿಗೆಗಳಿಂದಲೇ ಮಾವ ಆಚೆ ಕಡೆ ಸೋಸುವ ಗುಂಡಿ ಕಟ್ಟಿದರು. ಈ ಸಲ ಗಟ್ಟಿ ಸಿಮೆಂಟಿನಲ್ಲಿ. ಚಿಕ್ಕಮಾವ ಜಲ್ಲಿ, ಮರಳು ತುಂಬಿ ಕಾಬಾಳೆ ನೆಟ್ಟರು.

ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಹದಿನೈದು ದಿನಕ್ಕೆ ಗುಂಡಿಯಲ್ಲಿ ನೀರು ನಿಂತು ನಾರತೊಡಗಿತು. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಕಿಟಕಿಯ ಈಚೆ ಒಂದು ದನಿ, ಆಚೆ ಒಂದು ದನಿ.

"ನಿನ್ನ ಮರಳು ಜಾಸ್ತಿ ನುಣ್ಣಗಾಯ್ತು!"

"ಮರಳಲ್ಲ, ನಿನ್ನ ಪೈಪಿನ ವಾಟ ಸರಿಯಿಲ್ಲ. ನೀರು ಮುಂದಕ್ಕೆ ಹೋಗೋದು ಬಿಟ್ಟು ಹಿಂದಕ್ಕೆ ಬರ್ತಿದೆ!"

"ನಲವತ್ತು ವರ್ಷ ಮೇಸ್ತ್ರಿ ಕೆಲಸ ಮಾಡಿದವನಿಗೆ ವಾಟ ಹೇಳ್ಕೊಡ್ತೀಯ?"

ಗಂಡ ಗಾಬರಿಯಾದ. "ಮತ್ತೆ ಶುರುವಾಯ್ತು ಕಣೇ. ಮತ್ತೆ ಇಟ್ಟಿಗೆ ಏರುತ್ತೆ ನೋಡು."

"ಏರಲ್ಲ" ಎಂದಳು ಅವಳು. "ಇಬ್ಬರೂ ಬೈದಾಡ್ತಿದಾರೆ ಅಂದ್ರೆ ಮಾತಾಡ್ತಿದಾರೆ ಅಂತ ತಾನೇ?" ಕಚೇರಿಗೆ ಒಂದು ಗಂಟೆ ತಡವಾಗುತ್ತದೆಂದು ಫೋನ್ ಮಾಡಿ, ಸೆರಗು ಸಿಕ್ಕಿಸಿ ಗುಂಡಿಯ ಹತ್ತಿರ ಕೂತಳು. ಯಾರು ಸರಿ ಎಂದು ಕೇಳಲಿಲ್ಲ. ಒಂದು ಕೊಡ ಶುದ್ಧ ನೀರು ಸುರಿದು ಎಲ್ಲಿ ನಿಲ್ಲುತ್ತದೆಂದು ನೋಡಿದಳು. ಮಾವನ ಕೈಗೆ ರಸಮಟ್ಟ ಕೊಟ್ಟಳು. ಅವರು ನೀರಿನ ಪೈಪಿನ ಮೇಲಿಟ್ಟು ಗುಳ್ಳೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಬೆರಳಗಲ ಹಿಂದಕ್ಕೆ ವಾಲಿತ್ತು. ಮರಳನ್ನು ಮೇಲಿಂದ ಕೆದಕಿದರೆ ಪಾತ್ರೆಯ ಜಿಡ್ಡು ಹೆಪ್ಪುಗಟ್ಟಿ ಕೂತಿತ್ತು.

"ವಾಟ ಮಾವಂದು, ಜಿಡ್ಡು ನಂದು. ಮರಳಿನ ತಪ್ಪೇನಿಲ್ಲ" ಎಂದು ತೀರ್ಪು ಕೊಟ್ಟಳು. ಚಿಕ್ಕಮಾವ ಮೀಸೆಯಲ್ಲೇ ನಕ್ಕರು. ಮಾವ ಗೊಣಗುತ್ತ ಪೈಪು ಬಿಚ್ಚಿದರು. ಅಂದಿನಿಂದ ಜಿಡ್ಡಿನ ಪಾತ್ರೆಯನ್ನು ಮೊದಲು ಹಳೆ ಕಾಗದದಲ್ಲಿ ಒರೆಸಿ ಆಮೇಲೆ ಸಿಂಕಿಗೆ ಹಾಕುವುದು ಮನೆಯ ಕಾನೂನಾಯಿತು. ಗುಂಡಿಯ ಬಾಯಿಗೆ ಒಣಹುಲ್ಲು ತುಂಬಿದ ಒಂದು ಬುಟ್ಟಿ ಕೂತಿತು, ತಪ್ಪಿಸಿಕೊಂಡು ಬಂದ ಜಿಡ್ಡನ್ನು ಹಿಡಿಯಲು. ತರಕಾರಿ ಸಿಪ್ಪೆ ಕಿಟಕಿಯಿಂದಲೇ ಚಿಕ್ಕಮಾವನ ಗೊಬ್ಬರದ ತೊಟ್ಟಿಗೆ ಹೋಗತೊಡಗಿತು. ಮಳೆ ಕಡಿಮೆಯಾದ ತಿಂಗಳಲ್ಲಿ ಅವರ ಸಸಿಗಳಿಗೆ ಆ ಸೋಸಿದ ನೀರೇ ಆಸರೆಯಾಯಿತು. ಒಂದು ಕಾಲಕ್ಕೆ ಇನ್ನೂರು ಸಸಿ ಸುಟ್ಟ ಬಚ್ಚಲು ಅದೇ.

ಎರಡು ತಿಂಗಳಾದ ಮೇಲಿನ ಬಿಲ್ಲಿನಲ್ಲಿ ಯೂನಿಟ್ಟುಗಳು ಅರ್ಧಕ್ಕೆ ಹತ್ತಿರ ಇಳಿದವು. ಪಕ್ಕದ ವಾರ್ಡಿನ ರೀಡರ್ ಮೀಟರನ್ನು ಎರಡು ಸಲ ತಟ್ಟಿ ನೋಡಿ, ಕೆಟ್ಟಿರಬೇಕೆಂದು ದೂರು ಬರೆಯಲು ಹೊರಟಿದ್ದನಂತೆ. ಅವಳು ಅವನನ್ನು ಒಳಗೆ ಕರೆದು ಅಡುಗೆಮನೆ ತೋರಿಸಿದಳು. ಅವನು ಸುತ್ತ ನೋಡಿ, "ಹೊಸದೇನು ತಂದ್ರಿ?" ಎಂದು ಕೇಳಿದ.

"ತಗಡಿನ ಕೊಳವೆ, ನೀರಿನ ಪೈಪು. ಅಷ್ಟೆ. ಮಿಕ್ಕಿದ್ದೆಲ್ಲ ಮನೇಲೇ ಇತ್ತು."

ಸುದ್ದಿ ಅವಳ ಹದಿನೆಂಟು ಬೀದಿಗಳಿಗೂ ಹೋಯಿತು. ಬಿಲ್ ಕೊಡಲು ಹೋದರೆ ಹೆಂಗಸರು, "ಒಂದು ನಿಮಿಷ ನಮ್ಮ ಅಡುಗೆಮನೆ ನೋಡಿ ಹೋಗಿ" ಎಂದು ಒಳಗೆ ಕರೆಯತೊಡಗಿದರು. ಕೆಲಸದ ಹೊತ್ತಿನಲ್ಲಿ ಆಗುವುದಿಲ್ಲ, ಭಾನುವಾರ ಬರುತ್ತೇನೆ ಎನ್ನುತ್ತಾಳೆ. ಹೋದ ಕಡೆ ಮೊದಲು ಲೈಟು ಆರಿಸಿ, ಕಣ್ಣು ಹೊಂದಿಕೊಳ್ಳುವ ತನಕ ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ಗೋಡೆ ತಟ್ಟುತ್ತಾಳೆ. ಅವಳೊಬ್ಬಳೇ ಹೋಗುವುದಿಲ್ಲ. ಒಂದು ಪಕ್ಕ ಕರಣೆ, ತೂಗುಗುಂಡು ಹಿಡಿದ ಮಾವ, ಇನ್ನೊಂದು ಪಕ್ಕ ಒದ್ದೆ ಗೋಣಿಯಲ್ಲಿ ಸುತ್ತಿದ ಕಾಬಾಳೆಯ ಗೆಡ್ಡೆ ಹಿಡಿದ ಚಿಕ್ಕಮಾವ. ದಾರಿಯುದ್ದಕ್ಕೂ ಇಬ್ಬರದೂ ವಾದ ನಡೆದೇ ಇರುತ್ತದೆ. ಮರಳು ಮೊದಲೋ, ಜಲ್ಲಿ ಮೊದಲೋ? ಅವಳು ನಡುವೆ ನಡೆಯುತ್ತಾಳೆ, ಮನೆಗಳ ಮೀಟರುಗಳನ್ನು ನೋಡುತ್ತ.